ಗುಡ್ಡದ ಬೀಗರು

ನನ್ನನ್ನು ಕಂಡು ಯಾರಾದರೂ ಮುಗುಳ್ನಕ್ಕರೆ ನಾನು ಮೊದಲು ಮಾಡುವ ಕೆಲಸ, ಆ ಸಂಜೆ ಟಿ.ವಿ.ಯಲ್ಲಿ ಏನಿದೆ ಎಂದು ನೆನಪು ಮಾಡಿಕೊಳ್ಳುವುದು. ಸಿನಿಮಾ ಇದ್ದರೆ ಆ ನಗು ಸಿನಿಮಾಕ್ಕೆ ಸಂದದ್ದು. ಕ್ರಿಕೆಟ್ ಇದ್ದರೆ ಕ್ರಿಕೆಟ್ಟಿಗೆ. ಏನೂ ಇಲ್ಲದ ದಿನ ಯಾರಾದರೂ ನಕ್ಕುಬಿಟ್ಟರೆ ಎದೆ ಇನ್ನಷ್ಟು ಹೊಡೆದುಕೊಳ್ಳುತ್ತದೆ. ಇವನಿಗೆ ನನ್ನಿಂದ ಇನ್ನೇನೋ ದೊಡ್ಡ ಕೆಲಸವೇ ಆಗಬೇಕಾಗಿದೆ ಎಂಬ ಅನುಮಾನ. ಇದು ನನ್ನ ಹುಟ್ಟುಗುಣವಲ್ಲ. ಚಿಕ್ಕಂದಿನಲ್ಲಿ ಅಂಗಡಿಯವನು ಕೊಟ್ಟ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿಯೂ ನೋಡದೆ ಮನೆಗೆ ತರುತ್ತಿದ್ದವನು ನಾನು. ಅರಸೀಕೆರೆ ಸೀಮೆಯಲ್ಲಿ ಹುಟ್ಟಿ ತೆಂಗಿನಕಾಯಿ ಅಲ್ಲಾಡಿಸದವನು ಮುಂದೆ ಹೇಗೆ ಬದುಕುತ್ತಾನೋ ಎಂದು ಅಮ್ಮ ಕೊರಗಿದ್ದುಂಟು. ಅಂಥ ನನಗೆ ಅನುಮಾನ ಅಂಟಿಕೊಂಡದ್ದು ನೌಕರಿಯಿಂದ. ಕೂತು ಮಾಡುವ ಕೆಲಸದವರಿಗೆ ಬೆನ್ನುನೋವು, ನಿಂತು ಮಾಡುವವರಿಗೆ ಮಂಡಿನೋವು ಬರುವ ಹಾಗೆ, ಗುಡ್ಡದ ಮೇಲೆ ಮಾಡುವವನಿಗೆ ಬರುವ ಕಾಯಿಲೆ ಇದು.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಊರಾಚೆಯ ಒಂದು ಗುಡ್ಡದ ಮೇಲೆ ಟಿ.ವಿ. ಮರುಪ್ರಸಾರದ ಟವರು ಎದ್ದಿತು. ಕೆಂಪು ಬಿಳಿ ಬಣ್ಣದ ಕಬ್ಬಿಣದ ಟವರು, ಅದರ ಬುಡದಲ್ಲಿ ಒಂದು ಕೋಣೆ, ಕೋಣೆಯಲ್ಲಿ ಗುಂಯ್‌ಗುಡುವ ಯಂತ್ರ, ಯಂತ್ರದ ಮುಂದೆ ನಾನು. ಆಕಾಶದಿಂದ ಬಂದ ಕಾರ್ಯಕ್ರಮವನ್ನು ದೊಡ್ಡ ತಟ್ಟೆಯೊಂದು ಹಿಡಿದುಕೊಳ್ಳುತ್ತದೆ, ಯಂತ್ರ ಅದಕ್ಕೆ ಬಲ ತುಂಬುತ್ತದೆ, ಟವರು ಸುತ್ತಲಿಗೆ ಎರಚುತ್ತದೆ. ಇದರಲ್ಲಿ ನನ್ನ ಪಾಲೆಂದರೆ ಯಂತ್ರ ಬಿಸಿಯಾಗದಂತೆ ನೋಡಿಕೊಳ್ಳುವುದು, ಕರೆಂಟು ಹೋದರೆ ಜನರೇಟರ್ ಎಬ್ಬಿಸುವುದು, ಮತ್ತು ಕೋತಿಗಳನ್ನು ಓಡಿಸುವುದು. ರಾಗಿ ಚೆಲ್ಲಿದವನಿಗೆ ಯಾವ ಕಾಳು ಎಲ್ಲಿ ಬಿತ್ತೆಂದು ಹೇಗೆ ತಿಳಿಯದೋ ಹಾಗೆ ಯಾರ ಮನೆಗೆ ಎಷ್ಟು ಚಿತ್ರ ಹೋಯಿತೆಂದು ನನಗೂ ತಿಳಿಯುತ್ತಿರಲಿಲ್ಲ. ಆದರೆ ಊರಿನವರ ತಿಳಿವಳಿಕೆಯೇ ಬೇರೆ. ನಮ್ಮಲ್ಲಿ ನಲ್ಲಿ ನೀರು ಬಿಡುವವನೊಬ್ಬನಿದ್ದ. ಮೂಲೆಯ ವಾಲ್ವು ತಿರುಗಿಸಿ ಇವತ್ತು ಈ ಬೀದಿಗೆ, ನಾಳೆ ಆ ಬೀದಿಗೆ ಎಂದು ಬಿಡುತ್ತಿದ್ದ; ಅವನನ್ನು ಚೆನ್ನಾಗಿ ಮಾತನಾಡಿಸಿದ ಬೀದಿಯ ಬಿಂದಿಗೆಗಳು ಬೇಗ ತುಂಬುತ್ತಿದ್ದವು. ನೀರಿಗಿರುವ ನಿಯಮ ಚಿತ್ರಕ್ಕೂ ಇರಲೇಬೇಕಲ್ಲ. ಹಾಗಾಗಿ ಮೇಲೆ ಕೂತು ಯಾರ ಮನೆಗೆ ಚಿತ್ರ ಬಿಡಬೇಕು, ಯಾರ ಮನೆಗೆ ಬಿಡಬಾರದು ಎಂದು ತೀರ್ಮಾನಿಸುವವನು ನಾನೇ ಎಂದು ಊರಿಗೆ ಊರೇ ನಂಬಿತ್ತು.

ಭಾನುವಾರದ ಸಿನಿಮಾದ ನಡುವೆ ಕರೆಂಟು ಹೋಗಿ, ಜನರೇಟರ್ ಕೂಡ ಮುನಿಸಿಕೊಂಡಿತೆನ್ನಿ. ಸೋಮವಾರ ಕಟಿಂಗ್ ಶಾಪಿನವನು ನನ್ನ ಅರ್ಧ ಗಡ್ಡ ಬೋಳಿಸಿ, ಕತ್ತಿಯನ್ನು ಗಂಟಲ ಹತ್ತಿರ ನಿಲ್ಲಿಸಿ, ಕೊನೆಗೆ ಆ ಹುಡುಗಿ ಸಿಕ್ಕಳೋ ಇಲ್ಲವೋ ಎಂದು ವಿಚಾರಿಸುತ್ತಿದ್ದ. ನನಗೆ ಗೊತ್ತಿಲ್ಲ, ಜನರೇಟರ್ ಹತ್ತಿರ ಇದ್ದೆ ಎಂದರೆ ಕನ್ನಡಿಯಲ್ಲಿ ನನ್ನನ್ನು ನೋಡಿ ನಗುತ್ತಿದ್ದ. ಊರಿಗೆಲ್ಲ ನಿಲ್ಲಿಸಿ, ಉಳಿದದ್ದನ್ನು ಇವನೊಬ್ಬನೇ ಗುಡ್ಡದ ಮೇಲೆ ಕೂತು ನೋಡಿಕೊಂಡಿದ್ದಾನೆ ಎಂಬ ನಗು. ಒಮ್ಮೆ ನೆಂಟರಿಗೆ ಹಳೇಬೀಡು ತೋರಿಸಿ ಬಸ್ತಿಹಳ್ಳಿಯ ಬಸದಿಗಳಿಗೆ ಹೋಗಿದ್ದೆ. ಅಲ್ಲಿ ಜಗಲಿಯ ಮೇಲೆ ಕೂತಿದ್ದ ಹಿರಿಯರೊಬ್ಬರು ನಾನು ಟವರಿನವನೆಂದು ತಿಳಿದದ್ದೇ ಎದ್ದು ಬಂದರು. ಮೋಡ ಕವಿದರೆ ಅವರ ಊರಿಗೆ ಚಿತ್ರ ಬರುತ್ತಿರಲಿಲ್ಲವಂತೆ. “ನಮ್ಮ ಬಸದಿ ಕಂಬದಾಗೆ ಕರೆಂಟಿಲ್ದೇನೆ ಮುಖ ಕಾಣ್ತೈತೆ. ಅಷ್ಟೆತ್ತರದ ಕಂಬ ನೆಟ್ಕೊಂಡು ನಿಮಗ್ಯಾಕಾಗಲ್ಲ?” ಎಂದರು. ಆ ಕಂಬಗಳ ನುಣುಪಿನಲ್ಲಿ ನನ್ನ ಮುಖ ನಿಜಕ್ಕೂ ಕಾಣುತ್ತಿತ್ತು; ಅದರಲ್ಲಿ ಉತ್ತರವೇನೂ ಕಾಣಲಿಲ್ಲ. ಜನ ಇಷ್ಟು ಅನುಮಾನಿಸುವಾಗ ನಾನೊಬ್ಬ ನಂಬಿಕೊಂಡು ಕೂತರೆ ನಡೆಯುತ್ತದೆಯೇ? ನಾನೂ ಶುರುಮಾಡಿದೆ. ಯಾರಾದರೂ ಹಲಸಿನಹಣ್ಣು ತಂದುಕೊಟ್ಟರೆ ಇದರ ಹಿಂದೆ ಏನಿದೆಯೋ ಎಂದು ಕೊಯ್ಯಲು ಬಿಡುತ್ತಿರಲಿಲ್ಲ. ಹಣ್ಣು ಕೊಳೆಯುವ ಮೊದಲು ನಿಮ್ಮ ಅನುಮಾನ ಮುಗಿಯುತ್ತದೋ ಎಂದು ನನ್ನ ಹೆಂಡತಿ ವನಜಾ ಕೇಳುತ್ತಿದ್ದಳು.

ಇಷ್ಟರಲ್ಲಿಯೇ ಇದ್ದಿದ್ದರೆ ನಗುತ್ತ ಕಾಲ ಕಳೆಯಬಹುದಿತ್ತು. ಆದರೆ ಅನುಮಾನ ನನ್ನ ತಂಗಿಯ ಮದುವೆಗೇ ಬಂದು ಅಡ್ಡ ನಿಂತಿತು.

ತಂಗಿ ಜಯಂತಿ ಆಗ ಅರಸೀಕೆರೆಯ ಒಂದು ಶಿಶುವಿಹಾರದಲ್ಲಿ ಪಾಠ ಹೇಳುತ್ತಿದ್ದಳು. ಅಪ್ಪ ತೀರಿಕೊಂಡಿದ್ದರಿಂದ ಅವಳ ಮದುವೆಯ ಹೊಣೆ ನನ್ನದು. ಜಾವಗಲ್ಲಿನಲ್ಲಿದ್ದ ನಮ್ಮ ಸೋದರಮಾವ ಗಂಡಸಿ ಎಂಬ ಊರಿನ ಒಂದು ಸಂಬಂಧ ತಂದರು. ಹುಡುಗ ಮಂಜುನಾಥ, ಸರ್ಕಾರಿ ಕೆಲಸದಲ್ಲಿದ್ದ. ತಂದೆ ಪುಟ್ಟಸ್ವಾಮಪ್ಪನವರು ಕೊಬ್ಬರಿ ವ್ಯಾಪಾರದವರು, ತಾಯಿ ಗೌರಮ್ಮ. ಹೆಣ್ಣು ನೋಡುವ ಶಾಸ್ತ್ರಕ್ಕೆ ಮೂವರೂ ಬಂದರು. ಹಿಂದೆ ಬಂದವರೆಲ್ಲ ಜಯಂತಿಗೆ ಅಡುಗೆ ಬರುತ್ತದೆಯೇ ಎಂದು ಕೇಳಿ, ಅವಳು ಮಾಡಿದ್ದ ಕೇಸರಿಬಾತನ್ನು ತಿನ್ನುತ್ತಲೇ ಉತ್ತರಕ್ಕೆ ಕಾಯುತ್ತಿದ್ದರು. ಈ ಹುಡುಗ ಮಾತ್ರ, ಮಕ್ಕಳು ಶಾಲೆಗೆ ಬಂದು ಅಳುವಾಗ ನೀವೇನು ಮಾಡುತ್ತೀರಿ ಎಂದು ಕೇಳಿದ. ಪಕ್ಕದಲ್ಲಿ ಸುಮ್ಮನೆ ಕೂತುಕೊಳ್ಳುತ್ತೇನೆ, ಸ್ವಲ್ಪ ಹೊತ್ತಿಗೆ ಅವಕ್ಕೇ ಬೇಜಾರಾಗುತ್ತದೆ ಎಂದಳು ಜಯಂತಿ. ಹುಡುಗ ನಕ್ಕ. ನಾನು ಎಂದಿನಂತೆ ಆ ಸಂಜೆ ಟಿ.ವಿ.ಯಲ್ಲಿ ಏನಿದೆ ಎಂದು ಯೋಚಿಸಿದೆ, ಏನೂ ಇರಲಿಲ್ಲ. ಇದು ನಿಜವಾದ ನಗುವೇ ಎಂದು ಸಮಾಧಾನವಾಯಿತು. ಹೊರಡುವಾಗ ಪುಟ್ಟಸ್ವಾಮಪ್ಪನವರು ಜಾತಕವನ್ನು ಇನ್ನೊಂದು ಕಡೆ ತೋರಿಸಿ ತಿಳಿಸುತ್ತೇವೆ ಎಂದರು. ಆಗ ನನ್ನ ಮುಖ ಸ್ವಲ್ಪ ಇಳಿಯಿತಂತೆ. ನನ್ನ ಮುಖ ಇರುವುದೇ ಹಾಗೆ ಎಂದು ವನಜಾ ಅಂದಿನಿಂದ ಇಂದಿನವರೆಗೂ ಸಾಕ್ಷಿ ನುಡಿಯುತ್ತ ಬಂದಿದ್ದಾಳೆ.

ಗಂಡಸಿಯಿಂದ ಸುದ್ದಿ ಬರಲಿಲ್ಲ. ಕಾದು ಸಾಕಾಗಿ ಮಾವ ತಾವೇ ಹೋಗಿಬಂದರು. ಬಂದವರು ಚಪ್ಪಲಿ ಬಿಡುವ ಮೊದಲೇ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಜಾತಕ ಹೊಂದಿದೆಯಂತೆ, ಹುಡುಗಿ ಒಪ್ಪಿಗೆಯಂತೆ, ತೊಂದರೆ ಇರುವುದು ನನ್ನಲ್ಲಂತೆ. ಅವರು ನಮ್ಮ ಮನೆಗೆ ಬಂದುಹೋದ ಮಾರನೆಯ ಸಂಜೆಯಿಂದಲೇ ಅವರ ಮನೆಯ ಟಿ.ವಿ.ಯಲ್ಲಿ ಚಿತ್ರವಿಲ್ಲ, ಬರೀ ಚುಕ್ಕೆ. ಅಕ್ಕಪಕ್ಕದ ಮನೆಗಳಲ್ಲಿ ಎಲ್ಲ ಚೆನ್ನಾಗಿ ಬರುತ್ತಿದೆ. ಜಾತಕ ತೋರಿಸುತ್ತೇವೆ ಎಂದದ್ದಕ್ಕೇ ಸಿಟ್ಟು ಮಾಡಿಕೊಂಡು ಗುಡ್ಡದ ಮೇಲಿಂದ ಹೀಗೆ ಮಾಡುವವನು, ನಾಳೆ ಸಂಬಂಧವಾದ ಮೇಲೆ ಇನ್ನೇನೇನು ನಿಲ್ಲಿಸುತ್ತಾನೋ ಎಂದು ಪುಟ್ಟಸ್ವಾಮಪ್ಪನವರು ಹತ್ತು ಜನರ ಮುಂದೆ ಹೇಳಿದರಂತೆ. ಆ ಹತ್ತು ಜನವೂ ಹೌದೆಂದು ತಲೆಯಾಡಿಸಿದರಂತೆ. ಮಾವ ಹೇಳಿದ್ದನ್ನು ಕೇಳಿ ನನಗೆ ನಗು ಬಂತು. ನಕ್ಕು ಸುತ್ತ ನೋಡಿದರೆ ಬೇರೆ ಯಾರೂ ನಗುತ್ತಿರಲಿಲ್ಲ. ಅಮ್ಮ ನನ್ನ ಹತ್ತಿರ ಬಂದು ಕೂತು, ಬಹಳ ಮೆಲ್ಲಗೆ ಕೇಳಿದಳು.

“ನಿಜ ಹೇಳಪ್ಪ. ನೀನೇನೂ ಮಾಡಿಲ್ಲ ತಾನೆ?”

ಹೆತ್ತ ತಾಯಿ! ತೆಂಗಿನಕಾಯಿ ಅಲ್ಲಾಡಿಸಲು ಬಾರದವನೆಂದು ಕೊರಗಿದವಳು ಈಗ ನನ್ನನ್ನೇ ಅಲ್ಲಾಡಿಸಿ ನೋಡುತ್ತಿದ್ದಾಳೆ. ಗುಡ್ಡ ಯಾರೊಬ್ಬರ ಮನೆಯನ್ನೂ ಗುರುತು ಹಿಡಿಯುವುದಿಲ್ಲ, ಚಿತ್ರ ಗಂಡಸಿಗೆ ಹೋದರೆ ಊರಿಗೆಲ್ಲ ಹೋಗಬೇಕು ಎಂದು ಮೊದಲಿನಿಂದ ವಿವರಿಸಿದೆ. ಅಮ್ಮ ಎಲ್ಲ ಕೇಳಿಸಿಕೊಂಡು, ಹಾಗಾದರೆ ಈಗ ಅವರಿಗೂ ಬಿಟ್ಟುಬಿಡು ಮಗು, ದೊಡ್ಡವರ ಮೇಲೆ ಸಿಟ್ಟು ಬೇಡ ಎಂದಳು. ಆ ಸಂಜೆ ಜಯಂತಿ ತೊಳೆಯುತ್ತಿದ್ದ ಪಾತ್ರೆಗಳ ಸದ್ದು ಸ್ವಲ್ಪ ಹೆಚ್ಚಾಗಿತ್ತು, ಅಷ್ಟೇ. ಮರುದಿನ ಬೆಳಿಗ್ಗೆ ಶಾಲೆಗೆ ಹೊರಟವಳು ಬಾಗಿಲಲ್ಲಿ ನಿಂತು, ಅವರ ಮನೆಗೆ ಒಂದು ಸಲ ಹೋಗಿಬಾ ಎಂದು ಕೇಳಿದಳು. ತನಗೆ ಅಂತ ಅವಳು ಏನನ್ನೂ ಕೇಳಿದವಳಲ್ಲ. ಅಲ್ಲಿಯವರೆಗೆ ನನಗೆ ಆದದ್ದು ಅವಮಾನ ಮಾತ್ರ. ಅವಳ ಮುಖ ನೋಡಿದ ಮೇಲೆ ಹೆದರಿಕೆಯಾಯಿತು.

ರಜೆಯ ದಿನ ನೋಡಿ ಗಂಡಸಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ತೆಂಗಿನ ತೋಟಗಳ ನಡುವಿನ ಮನೆಗಳ ಮೇಲೆ ಅಂಟೆನಾಗಳನ್ನೇ ನೋಡುತ್ತ ಹೋದೆ. ಎಲ್ಲವೂ ಶಿಸ್ತಾಗಿ ಅರಸೀಕೆರೆಯ ಗುಡ್ಡದ ಕಡೆಗೆ ಮುಖ ಮಾಡಿದ್ದವು. ಪುಟ್ಟಸ್ವಾಮಪ್ಪನವರ ಮನೆ ಮುಖ್ಯ ರಸ್ತೆಯಲ್ಲೇ, ಮಹಡಿಯ ಮನೆ. ಬೀದಿಯಲ್ಲಿ ನಿಂತು ತಲೆ ಎತ್ತಿದರೆ ಕಾರಣ ಎದುರಿಗೇ ಇತ್ತು: ಇಡೀ ಬೀದಿಯಲ್ಲಿ ಅವರದೊಂದು ಅಂಟೆನಾ ಮಾತ್ರ ಗುಡ್ಡಕ್ಕೆ ಬೆನ್ನು ಹಾಕಿ, ಯಾರ ಮೇಲೋ ಕೋಪಿಸಿಕೊಂಡ ಹಾಗೆ ಹಾಸನದ ಕಡೆ ತಿರುಗಿ ನಿಂತಿತ್ತು. ಇಷ್ಟು ಜನರಲ್ಲಿ ಒಬ್ಬರೂ ಇದನ್ನು ನೋಡಿದ ಹಾಗಿರಲಿಲ್ಲ. ತಪ್ಪು ಗುಡ್ಡದ ಮೇಲಿದೆ ಎಂದು ನಿಶ್ಚಯವಾದ ಮೇಲೆ ತಮ್ಮ ಮಹಡಿಯನ್ನು ಯಾರು ತಲೆಯೆತ್ತಿ ನೋಡುತ್ತಾರೆ?

ಪುಟ್ಟಸ್ವಾಮಪ್ಪನವರು ಬನ್ನಿ ಎಂದರು, ಆದರೆ ಕೂತುಕೊಳ್ಳಿ ಎನ್ನಲಿಲ್ಲ. ಸುದ್ದಿ ಹಬ್ಬಿ ಪಡಸಾಲೆಯಲ್ಲಿ ಆಗಲೇ ಬೀದಿಯ ಜನ ಸೇರಿದ್ದರು. ಟಿ.ವಿ. ಹಾಕಿದ್ದರು, ಅದರ ಚುಕ್ಕೆಗಳನ್ನೂ ನನ್ನನ್ನೂ ಒಂದಾದ ಮೇಲೊಂದರಂತೆ ನೋಡುತ್ತಿದ್ದರು. ಮಹಡಿಯ ಮೇಲೆ ಒಮ್ಮೆ ನೋಡಿಬರುತ್ತೇನೆ ಎಂದು ಅನುಮತಿ ಕೇಳಿ ಮೆಟ್ಟಿಲು ಹತ್ತಿದೆ. ಅಂಟೆನಾದ ಪೈಪಿಗೆ ಬಿಗಿದಿದ್ದ ಕ್ಲಾಂಪನ್ನು ಮುಟ್ಟಿದರೆ ಬೆರಳಿಗೆ ಜಿಡ್ಡು ಹತ್ತಿತು. ಮೂಸಿ ನೋಡಿದೆ: ಕೊಬ್ಬರಿ ಎಣ್ಣೆ. ಗಾಳಿಗೋ ಕೋತಿಗೋ ತಿರುಗಿದ್ದರೆ ಬೋಲ್ಟಿಗೆ ಕೊಬ್ಬರಿ ಎಣ್ಣೆ ಹಚ್ಚಿದವರು ಯಾರು? ಯಾರೋ ಬೇಕೆಂದೇ ತಿರುಗಿಸಿದ್ದಾರೆ, ಅದೂ ಸದ್ದಾಗದಂತೆ. ನನ್ನ ಅನುಮಾನ ಸೀದಾ ಹುಡುಗನ ಮೇಲೆ ಹೋಯಿತು. ಸಂಬಂಧ ಬೇಡವೆಂದು ಬಾಯಿಬಿಟ್ಟು ಹೇಳಲಾರದೆ ಈ ದಾರಿ ಹಿಡಿದನೇ? ಪಾಪ, ಜಯಂತಿ ಆ ಒಂದು ನಗುವನ್ನು ನಂಬಿಕೊಂಡು ಕೂತಿದ್ದಾಳೆ ಎಂದು ಸಂಕಟವಾಗುತ್ತಿದ್ದಾಗ ಹಿಂದೆ ಬಳೆಯ ಸದ್ದಾಯಿತು. ಗೌರಮ್ಮನವರು ಸಂಡಿಗೆ ಒಣಹಾಕಿದ್ದ ಸೀರೆಯ ತುದಿಯನ್ನು ಸರಿಮಾಡುವವರಂತೆ ಕೂತು, ತಲೆ ಎತ್ತದೆಯೇ ಹೇಳಿದರು.

“ಯಾರ ಮೇಲೂ ಅನುಮಾನ ಪಡಬ್ಯಾಡಿ. ಅದ ತಿರುಗ್ಸಿರೋಳು ನಾನೇ ಕಣ್ರೀ.”

ಆಮೇಲೆ ಸಂಡಿಗೆಗಳನ್ನು ಒಂದೊಂದೇ ಮಗುಚುತ್ತ ಅವರು ಹೇಳಿದ್ದು ಇಷ್ಟು. ಬೀದಿಗೆ ಮೊದಲು ಟಿ.ವಿ. ಬಂದದ್ದು ಅವರ ಮನೆಗೆ. ಆಮೇಲೆ ಬೇರೆಯವರೂ ತಂದರು, ಆದರೆ ರೂಢಿ ತಪ್ಪದೆ ಎಲ್ಲರೂ ಬರುವುದು ಇಲ್ಲಿಗೇ. ಯಜಮಾನರಿಗೆ ಅದೊಂದು ಗೌರವ. ಬಂದವರಿಗೆಲ್ಲ ಕಾಫಿ ಎಂದು ಕೂತಲ್ಲಿಂದಲೇ ಕೂಗುತ್ತಾರೆ. ಒಲೆಯ ಮುಂದೆ ನಿಲ್ಲುವವಳು ಒಬ್ಬಳೇ. ವರ್ಷಗಳಿಂದ ತನ್ನ ಪಡಸಾಲೆಯಲ್ಲಿ ತನಗೇ ಕೂರಲು ಜಾಗವಿರಲಿಲ್ಲ. ನಮ್ಮ ಮನೆಗೆ ಬಂದುಹೋದ ಮಾರನೆಯ ದಿನ ಬಟ್ಟೆ ಒಣಗಿಸಲು ಪೈಪಿಗೆ ಹಗ್ಗ ಕಟ್ಟಿ ಎಳೆದಾಗ ಅಂಟೆನಾ ತಾನಾಗಿ ತಿರುಗಿತು. ಅವತ್ತು ಸಂಜೆ ಬಂದವರೆಲ್ಲ ಚುಕ್ಕೆ ನೋಡಿ ಎದ್ದುಹೋದರು. ಮಾಡಲು ಕೆಲಸವಿಲ್ಲದೆ ಯಜಮಾನರು ಅಡುಗೆಮನೆಗೆ ಬಂದು, ಏನು ಸಾರು ಎಂದು ಕೇಳಿದರಂತೆ. ಹಾಗೆ ಕೇಳಿ ಎಷ್ಟು ಕಾಲವಾಗಿತ್ತೋ. ಇಬ್ಬರೂ ಎದುರುಬದುರು ಕೂತು ಉಂಡರಂತೆ. ಮರುದಿನ ಯಾರೋ ಅದನ್ನು ಸರಿಮಾಡಿಕೊಟ್ಟರು. ಅವರು ಅತ್ತ ಹೋಗುತ್ತಲೇ ಇವರು ಎಣ್ಣೆ ಬಟ್ಟಲು ಹಿಡಿದು ಮಹಡಿ ಹತ್ತಿದರು. ಸರಿಮಾಡಿದ್ದು ನಿಲ್ಲಲಿಲ್ಲವಾದ್ದರಿಂದ, ಇನ್ನೊಮ್ಮೆ ಮಹಡಿ ಹತ್ತಿ ನೋಡದೆಯೇ, ಇದು ಮೇಲಿನವರದೇ ಕೈವಾಡ ಎಂದು ಕೆಳಗೆ ತೀರ್ಮಾನವಾಯಿತು.

ಹಾಗಾದರೆ ನನ್ನ ತಂಗಿಯ ಗತಿ ಎಂದೆ. ಗೌರಮ್ಮನವರು ಆಗ ನನ್ನ ಮುಖ ನೋಡಿದರು.

“ಆ ಮಗಾ ನನಗೆ ಅವತ್ತೇ ಒಪ್ಪಿಗೆ ಆಗವ್ಳೆ. ಅಳೋ ಮಕ್ಳ ಪಕ್ಕ ಸುಮ್ಕೆ ಕೂತ್ಕಂತೀನಿ ಅಂದ್ಲಲ್ಲ, ಅಂತೋಳು ಈ ಮನೆಗೆ ಬೇಕು. ಯಜಮಾನ್ರನ್ನ ಒಪ್ಸೋ ಜವಾಬ್ದಾರಿ ನಂದು. ಇದು ಮಾತ್ರ ನೀವೇ ಮಾಡಿದ್ದು ಅಂತ ಒಪ್ಕಂಬುಡಿ. ನಿಮ್ಮ ಹೆಸ್ರು ಹೆಂಗೂ ಕೆಟ್ಟೈತೆ. ಇನ್ನೊಂಚೂರು ಕೆಟ್ರೆ ಏನೂ ಆಗಾಕಿಲ್ಲ.”

ಇಷ್ಟು ಸ್ಪಷ್ಟವಾಗಿ ನನ್ನ ಸ್ಥಿತಿಯನ್ನು ಯಾರೂ ವಿವರಿಸಿರಲಿಲ್ಲ. ಅಂಟೆನಾವನ್ನು ಗುಡ್ಡದ ಕಡೆ ತಿರುಗಿಸಿದೆ. ಕೆಳಗಿನಿಂದ ಬಂತು ಬಂತು ಎಂಬ ಗದ್ದಲ ಕೇಳಿಸಿತು. ಮೆಟ್ಟಿಲಿಳಿದು ಹೋಗಿ, ಪಡಸಾಲೆಯ ಜನರೆಲ್ಲರ ಎದುರಿಗೆ, ಪುಟ್ಟಸ್ವಾಮಪ್ಪನವರ ಮುಂದೆ ಕೈಮುಗಿದು, ಮೇಲೆ ನಮ್ಮ ಕಡೆಯಿಂದ ನಿಮ್ಮ ಮನೆಯದು ಸ್ವಲ್ಪ ತಪ್ಪಿಹೋಗಿತ್ತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದೆ. ಮಾಡದ ತಪ್ಪನ್ನು ಒಪ್ಪಿಕೊಳ್ಳುವುದು ಎಷ್ಟು ಸುಲಭವೆಂದು ಅಂದು ಗೊತ್ತಾಯಿತು. ನಿಜ ಹೇಳಿದಾಗ ಒಮ್ಮೆಯೂ ನನ್ನನ್ನು ನಂಬದಿದ್ದ ಜನ ಈ ಸುಳ್ಳನ್ನು ತಕ್ಷಣ ನಂಬಿದರು. ಪುಟ್ಟಸ್ವಾಮಪ್ಪನವರ ಮುಖ ಅರಳಿತು. ತಪ್ಪು ಎಲ್ಲರೂ ಮಾಡುತ್ತಾರೆ, ಒಪ್ಪಿಕೊಳ್ಳುವವನು ದೊಡ್ಡವನು ಎಂದು ಸಭೆಗೆ ಹೇಳಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಳಗೆ ಕೇಳಿಸುವಂತೆ ಎಲ್ಲರಿಗೂ ಕಾಫಿ ಎಂದು ಕೂಗಿದರು. ಒಳಗೆ ಲೋಟಗಳು ಸದ್ದು ಮಾಡಿದವು. ಆ ಸದ್ದಿನ ಅರ್ಥ ಆ ಪಡಸಾಲೆಯಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಮದುವೆ ಚೆನ್ನಾಗಿ ನಡೆಯಿತು. ಗಂಡಿನ ಕಡೆಯವರು ನನ್ನನ್ನು ಗುಡ್ಡದ ಬೀಗರು ಎಂದು ಕರೆಯುತ್ತ ಬಹಳ ಮರ್ಯಾದೆಯಿಂದ ನೋಡಿಕೊಂಡರು. ಅದರಲ್ಲಿ ಅರ್ಧ ಪ್ರೀತಿ, ಅರ್ಧ ಮುಂಜಾಗ್ರತೆ. ನಾನು ಬಾಯಾರೆ ಒಪ್ಪಿಕೊಂಡ ಸುದ್ದಿ ನನಗಿಂತ ಮೊದಲೇ ಎಲ್ಲ ಊರುಗಳಿಗೂ ತಲುಪಿತ್ತು. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತವರೊಬ್ಬರು ಹೋಳಿಗೆಯನ್ನು ನನ್ನ ಎಲೆಗೆ ದಾಟಿಸಿ, ತಮ್ಮ ದಾಯಾದಿಯ ಮನೆಗೆ ಕ್ರಿಕೆಟ್ ಇರುವ ದಿನ ಮಾತ್ರ ನಿಲ್ಲಿಸಲಾದೀತೇ ಎಂದು ಕಿವಿಯಲ್ಲಿ ಕೇಳಿದರು. ನೋಡೋಣ ಎಂದೆ. ಹೋಳಿಗೆ ತಿನ್ನುವಾಗ ಇಲ್ಲವೆನ್ನುವುದು ಕಷ್ಟ.

ಗೌರಮ್ಮನವರು ಮಾತಿಗೆ ತಪ್ಪಲಿಲ್ಲ, ಅಭ್ಯಾಸವನ್ನೂ ಬಿಡಲಿಲ್ಲ. ಆಗೀಗ, ಮನೆ ಶಾಂತವಾಗಿರಬೇಕು ಎನಿಸಿದ ದಿನ, ಎಣ್ಣೆ ಬಟ್ಟಲು ಮಹಡಿ ಹತ್ತುತ್ತಿತ್ತು. ಪುಟ್ಟಸ್ವಾಮಪ್ಪನವರಿಂದ ಬಸ್ಸಿನವರ ಕೈಲಿ ನನಗೆ ಆಕ್ಷೇಪಣೆ ಬರುತ್ತಿತ್ತು. ಕೈತಪ್ಪಾಯಿತು, ಸರಿಮಾಡುತ್ತೇನೆ ಎಂದು ನಾನು ಹೇಳಿಕಳಿಸುತ್ತಿದ್ದೆ. ಅದು ತಲುಪುವ ಹೊತ್ತಿಗೆ ಅತ್ತ ಅಂಟೆನಾ ಸರಿಯಾಗಿರುತ್ತಿತ್ತು. ಮೊದಲ ದೀಪಾವಳಿಗೆ ಬಂದ ಜಯಂತಿ ನನ್ನನ್ನು ಪಕ್ಕಕ್ಕೆ ಕರೆದು, ಅಣ್ಣ, ಅತ್ತೆಗೆ ಮಂಡಿನೋವು, ಈಗ ಮಹಡಿಗೆ ನಾನೇ ಹೋಗುತ್ತೇನೆ ಎಂದು ಮೆಲ್ಲಗೆ ಹೇಳಿದಳು. ಅವಳು ಇಷ್ಟು ನಿಶ್ಚಿಂತೆಯಿಂದ ನಕ್ಕದ್ದನ್ನು ನಾನು ನೋಡಿರಲಿಲ್ಲ. ನನ್ನ ಹೆಸರು ಕೆಟ್ಟದ್ದು ಸಾರ್ಥಕವಾಯಿತು ಎಂದುಕೊಂಡೆ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಗಂಡಸಿಗೂ ಕೇಬಲ್ ಬಂತು. ವೈರು ಕಂಬದಿಂದ ಕಂಬಕ್ಕೆ ಹಾದು ಸೀದಾ ಪಡಸಾಲೆಗೆ ಇಳಿಯಿತು. ಬೇಕಾದಷ್ಟು ಚಾನೆಲ್, ಹಗಲೂ ಇರುಳೂ. ನೆಂಟರಿಷ್ಟರ ಮುಗುಳ್ನಗೆಗಳು ಕಡಿಮೆಯಾದವು. ಕಟಿಂಗ್ ಶಾಪಿನಲ್ಲಿ ನನ್ನ ಗಡ್ಡವನ್ನು ತಡೆಯಿಲ್ಲದೆ ಬೋಳಿಸತೊಡಗಿದರು. ಅಂಥ ದಿನಗಳಲ್ಲೊಮ್ಮೆ ಗೌರಮ್ಮನವರು ಮೊಮ್ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಕಾಫಿ ಕುಡಿದು, ವನಜಾ ಅತ್ತ ಹೋದಮೇಲೆ, ಈ ವೈರಿನದನ್ನೂ ಆಗೀಗ ಸ್ವಲ್ಪ ನಿಲ್ಲಿಸಿ ಎಂದರು. ನಾನು ತಬ್ಬಿಬ್ಬಾದೆ. ಊರಿಗೆಲ್ಲ ಏನೇ ಅನುಮಾನವಿರಲಿ, ನನ್ನ ಕೈಯಲ್ಲಿ ಏನೂ ಇಲ್ಲವೆಂದು ಪೂರ್ತಿಯಾಗಿ ತಿಳಿದಿದ್ದ ಒಬ್ಬೇ ಒಬ್ಬ ಜೀವ ಈಕೆ ಎಂದು ನಂಬಿದ್ದೆ. ಕೇಬಲ್ಲಿಗೂ ನಮ್ಮ ಗುಡ್ಡಕ್ಕೂ ಸಂಬಂಧವಿಲ್ಲ, ಅದು ನನ್ನಿಂದ ಆಗುವುದಿಲ್ಲ. ಮೊದಲೂ ಆಗುತ್ತಿರಲಿಲ್ಲ, ನಿಮಗೇ ಗೊತ್ತಲ್ಲ ಎಂದೆ. ಅವರು ಲೋಟವನ್ನು ಕೆಳಗಿಟ್ಟರು.

“ನಾನೂ ಜಯಂತಿನೂ ಮರೆತು ಮಹಡಿ ಹತ್ತದೇ ಇದ್ದ ದಿನಾನೂ ಎಷ್ಟೋ ಸಲ ನಿಂತೋಗಿತ್ತು. ಸರ್ಯಾಗಿ ನಮಗೆ ಸಾಕಾಗಿದ್ದ ದಿನಾನೇ ನಿಂತೋಗಿತ್ತು. ಅದನ್ನ ಮಾಡ್ತಿದ್ದೋರು ಯಾರು ಅಂತ ನನಗೆ ತಿಳಿಯಾಕಿಲ್ವ? ನೀವು ಹೇಳ್ಕಳಾಕಿಲ್ಲ, ನಾನು ಕೇಳಾಕಿಲ್ಲ, ಅಷ್ಟೇಯ.”

ಅದು ಕರೆಂಟು, ಅದು ಜನರೇಟರ್, ಅದು ಕೋತಿ ಎಂದು ನಾನು ಹೇಳುತ್ತಲೇ ಹೋದೆ. ಗೌರಮ್ಮನವರು ಕೇಳಿಸಿಕೊಂಡರು. ಅವರ ಮುಖದಲ್ಲಿ ಮೆಲ್ಲಗೆ ಮೂಡಿದ ಆ ನೋಟ ನನಗೆ ಹೊಸದಲ್ಲ. ಮನಸ್ಸಿದ್ದರೆ ಮಾಡಬಹುದಾದವನು ಏಕೋ ಮಾಡುತ್ತಿಲ್ಲ ಎಂಬ ನೋಟ. ಆಗಲಿ ಬಿಡಿ, ನಿಮಗೂ ಏನೇನು ಕಷ್ಟವೋ ಎಂದು ಹೇಳಿ, ಮೊಮ್ಮಗಳ ಕೈಹಿಡಿದು ಎದ್ದರು. ಬಸ್ಸು ಹತ್ತಿಸಿ ಬಂದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ನಲವತ್ತು ದಾಟಿದವನು, ಕೆಲಸ ಕಲಿತು ಬಂದವನು, ಯಂತ್ರದ ಒಂದೊಂದು ತಂತಿಯನ್ನೂ ಬಲ್ಲವನು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೂ ಮಾರನೆಯ ದಿನ ಡ್ಯೂಟಿಗೆ ಹೋದಾಗ, ಜೊತೆಯವನು ಊಟಕ್ಕೆ ಹೊರಗೆ ಕೂರುವವರೆಗೂ ಕಾದೆ. ಆಮೇಲೆ ಬಾಗಿಲು ಮುಂದೆ ಮಾಡಿ, ಯಂತ್ರದ ಹಿಂಬದಿಯ ಮುಚ್ಚಳ ತೆಗೆದು, ಟಾರ್ಚು ಬಿಟ್ಟು, ನೀರು ಬಿಡುವವನ ವಾಲ್ವಿನ ಹಾಗೆ ಗಂಡಸಿಯದು ಎಲ್ಲಾದರೂ ಇದೆಯೋ ಎಂದು ಹುಡುಕಿದೆ. ಕಾಣಲಿಲ್ಲ. ಮೂಲೆಯಲ್ಲಿ ಒಂದು ಸಣ್ಣ ತಿರುಪು ಮಾತ್ರ ಇತ್ತು. ಅದು ಯಾತಕ್ಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬಹಳ ಹೊತ್ತು ಅದನ್ನೇ ನೋಡುತ್ತ ಕೂತು, ಮುಟ್ಟಲು ಧೈರ್ಯವಾಗದೆ ಮುಚ್ಚಳ ಹಾಕಿದೆ.